ಕೊಂಡಿ ಇದ್ದ ನಾಣ್ಯ: ಕಾರ್ಸನ್ ಸಿಟಿಯ ಚಿನ್ನ ಕೊಳ್ಳುವ ಮುಂಚೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಪ್ಪನದು ಸಣ್ಣ ಚಿನ್ನದಂಗಡಿ. ಶಾಲೆ ಬಿಟ್ಟ ಮೇಲೆ ನಾನು ಹೋಂವರ್ಕ್ ಮಾಡುತ್ತಿದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಪ್ಪ ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ. ಹಾಗೆ ಬೆಳೆದವಳಿಗೆ ಚಿನ್ನದ ನಾಣ್ಯ ಕೊಳ್ಳುವುದೇನು ಮಹಾ ಅಂದುಕೊಂಡಿದ್ದೆ. ಅಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಮರೆಯಬೇಕಾಯಿತು. ಇನ್ನರ್ಧವನ್ನು ಮರೆತದ್ದಕ್ಕೆ ದುಡ್ಡು ಕಳೆದುಕೊಂಡೆ.

ಈಗ ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಹೈವೇ 50 ಹಿಡಿದು, ಲೇಕ್ ಟಾಹೋ ಪಕ್ಕದಲ್ಲಿ ಬೆಟ್ಟ ಹತ್ತಿ ಇಳಿದರೆ ನೆವಾಡದ ಕಾರ್ಸನ್ ಸಿಟಿ. ಊರಿನ ಮಧ್ಯದಲ್ಲಿ ಮರಳುಗಲ್ಲಿನ ಹಳೇ ಟಂಕಸಾಲೆ. ಆ ಕಲ್ಲು ಅಲ್ಲಿನ ಜೈಲಿನ ಕ್ವಾರಿಯದು. 1859ರಲ್ಲಿ ಪಕ್ಕದ ವರ್ಜೀನಿಯಾ ಸಿಟಿಯಲ್ಲಿ ಕಾಮ್‌ಸ್ಟಾಕ್ ಗಣಿ ಸಿಕ್ಕಿತು. ಹೆಸರಿಗೆ ಬೆಳ್ಳಿ ಗಣಿ, ಆದರೆ ಅದಿರಿನಲ್ಲಿ ಚಿನ್ನವೂ ಜೋರಾಗಿಯೇ ಇತ್ತು. ಅದನ್ನೆಲ್ಲ ಬೆಟ್ಟ ದಾಟಿಸಿ ಸ್ಯಾನ್ ಫ್ರಾನ್ಸಿಸ್ಕೊಗೆ ಸಾಗಿಸುವ ಬದಲು ಇಲ್ಲೇ ನಾಣ್ಯ ಮಾಡೋಣ ಎಂದು ಟಂಕಸಾಲೆ ಕಟ್ಟಿದರು. 1870ರಲ್ಲಿ ಕೆಲಸ ಶುರುವಾಯಿತು. 1885ರಿಂದ 1889ರವರೆಗೆ ನಡುವೆ ಒಮ್ಮೆ ನಿಂತಿತ್ತು. 1893ರಲ್ಲಿ ನಾಣ್ಯ ಹೊಡೆಯುವುದು ಪೂರ್ತಿ ನಿಂತಿತು. ಈಗ ಅದು ನೆವಾಡ ರಾಜ್ಯದ ಮ್ಯೂಸಿಯಂ. ಒಂದನೇ ನಂಬರಿನ ಹಳೇ ಪ್ರೆಸ್ ಇನ್ನೂ ಅಲ್ಲೇ ಇದೆ. ನಾಣ್ಯ ಕೊಳ್ಳುವ ಮುಂಚೆ ಒಮ್ಮೆ ಹೋಗಿ ಬನ್ನಿ. ಗಾಜಿನ ಹಿಂದಿನ ನಾಣ್ಯಗಳನ್ನು ಒಂದು ಗಂಟೆ ದಿಟ್ಟಿಸಿ ನೋಡಿದರೂ ಕಣ್ಣು ಪಳಗುತ್ತದೆ.

ಈ ನಾಣ್ಯಗಳ ಗುರುತು ಎರಡು ಅಕ್ಷರ, ಸಿಸಿ (CC). ಹಿಂಬದಿಯಲ್ಲಿ ಹದ್ದಿನ ಬಾಲದ ಕೆಳಗೆ ಪುಟ್ಟದಾಗಿ ಇರುತ್ತದೆ. ಅಮೆರಿಕದಲ್ಲಿ ಬೇರೆ ಯಾವ ಟಂಕಸಾಲೆಗೂ ಎರಡಕ್ಷರದ ಗುರುತಿಲ್ಲ. ಚಿನ್ನದಲ್ಲಿ ಇಲ್ಲಿ ಮಾಡಿದ್ದು ಮೂರೇ ಬಗೆ: 5 ಡಾಲರಿನ ಹಾಫ್ ಈಗಲ್, 10 ಡಾಲರಿನ ಈಗಲ್, 20 ಡಾಲರಿನ ಡಬಲ್ ಈಗಲ್. ಒಂದೊಂದರಲ್ಲೂ 19 ಇಸವಿಗಳು, ಒಟ್ಟು 57 ನಾಣ್ಯ. ಐವತ್ತೇಳನ್ನೂ ಕೂಡಿಸುತ್ತೇನೆ ಅಂತ ಹೊರಡಬೇಡಿ. 1870ರ ಡಬಲ್ ಈಗಲ್ ಹೊಡೆದದ್ದೇ 3,789. ಒಂದು ಕೊಳ್ಳುವ ದುಡ್ಡಲ್ಲಿ ಮನೆ ಬರುತ್ತದೆ. 1879ರ 10 ಡಾಲರ್ ಬರೀ 1,762. ಇಂಥವು ಹರಾಜಿನ ಫೋಟೋದಲ್ಲಿ ನೋಡಿ ಖುಷಿಪಡಲಿಕ್ಕೆ.

ಶುರು ಮಾಡಲು 1891ರ 5 ಡಾಲರ್ ಒಳ್ಳೆಯದು. 2,08,000 ಹೊಡೆದಿದ್ದಾರೆ, ಸಿಗುತ್ತದೆ. ತೂಕ 8.359 ಗ್ರಾಂ, ನಮ್ಮ ಒಂದು ಪವನಿಗಿಂತ ಕೂದಲಷ್ಟು ಜಾಸ್ತಿ. ಕೈಯಲ್ಲಿ ಹಿಡಿದರೆ ನಮ್ಮವರಿಗೆ ತಕ್ಷಣ ಪರಿಚಯದ ತೂಕ ಅನ್ನಿಸುತ್ತದೆ. ದೊಡ್ಡದೇ ಬೇಕು ಅನ್ನುವವರು 1890ರ ಡಬಲ್ ಈಗಲ್ ಅಥವಾ 1874, 1875, 1876ರವನ್ನು ನೋಡಿ. 1876ರಲ್ಲಿ 1,38,441 ಹೊಡೆದರು, ಈ ಟಂಕಸಾಲೆಯ ಡಬಲ್ ಈಗಲ್‌ಗಳಲ್ಲಿ ಅದೇ ಅತಿ ಹೆಚ್ಚು. ಎಚ್ಚರ: ಇಸವಿ ಒಂದೇ ಆದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. 1891ರ 5 ಡಾಲರ್ ಸುಲಭ, ಅದೇ ವರ್ಷದ 20 ಡಾಲರ್ ಹೊಡೆದದ್ದು ಬರೀ 5,000.

ಈಗ ನನ್ನ ಪೆದ್ದುತನದ ಕಥೆ.

ಒಂದು ಭಾನುವಾರದ ನಾಣ್ಯ ಮೇಳದಲ್ಲಿ, ಒಬ್ಬರ ಮೇಜಿನ ಮೇಲೆ 1891ರ 5 ಡಾಲರ್ ಕಂಡಿತು. ಡಬ್ಬಿಯಿಲ್ಲದ ಬಿಡಿ ನಾಣ್ಯ. ಬೆಲೆ ಮಿಕ್ಕವರಿಗಿಂತ ಕಡಿಮೆ. ಪರ್ಸಿನಲ್ಲಿದ್ದ ಪುಟ್ಟ ತಕ್ಕಡಿ ತೆಗೆದು ತೂಗಿದೆ, ಸರಿಯಿತ್ತು. ಬಣ್ಣ ಸರಿಯಿತ್ತು. ಭೂತಗಾಜು ಹಾಕಿ ಸಿಸಿ ನೋಡಿದೆ, ಅದೂ ಸರಿ. ಕೊಂಡೆ. ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಹೆಮ್ಮೆಯಿಂದ ತೋರಿಸಿದೆ. ಅಪ್ಪ ನಾಣ್ಯದ ಮುಖ ನೋಡಲಿಲ್ಲ, ಹದ್ದು ನೋಡಲಿಲ್ಲ. "ಅಂಚು ತೋರಿಸು" ಅಂದರು. ನಿಧಾನಕ್ಕೆ ತಿರುಗಿಸಿದೆ. ಹನ್ನೆರಡು ಗಂಟೆಯ ಜಾಗಕ್ಕೆ ಬಂದಾಗ "ನಿಲ್ಲಿಸು" ಅಂದರು. "ಪುಟ್ಟೀ, ಇದಕ್ಕೆ ಕೊಂಡಿ ಇತ್ತು ಕಣೇ."

ಆಮೇಲೆ ನನಗೂ ಕಂಡಿತು. ಅಂಚಿನ ಗೀರುಗಳು ಅಲ್ಲಿ ಮಾತ್ರ ಸ್ವಲ್ಪ ಓರೆ. ಯಾರೋ ಬೆಸುಗೆ ಬಿಡಿಸಿ, ಅರ ಹಾಕಿ ಉಜ್ಜಿ, ಹೊಸದಾಗಿ ಗೀರು ಕೊರೆದಿದ್ದರು. ಯಾವುದೋ ಅಜ್ಜಿಯ ಕತ್ತಿನಲ್ಲಿ ಪದಕವಾಗಿ ತೂಗಾಡಿದ ನಾಣ್ಯ ಅದು. ಚಿನ್ನಕ್ಕೇನೂ ಮೋಸವಿಲ್ಲ, ಆದರೆ ಸಂಗ್ರಹದ ಬೆಲೆ ಹೋಯಿತು. ಕಾಸಿನ ಸರಕ್ಕೆ ಕೊಂಡಿ ಹಾಕುವುದನ್ನು ನೋಡುತ್ತಲೇ ಬೆಳೆದವಳು ನಾನು, ಅದನ್ನೇ ಗಮನಿಸಲಿಲ್ಲ!

ಹಾಗಾಗಿ ಬಿಡಿ ನಾಣ್ಯ ಕೈಗೆ ಬಂದರೆ ಮೊದಲು ಅಂಚು ನೋಡಿ. ಹತ್ತು ಪಟ್ಟಿನ ಭೂತಗಾಜು, ಒಂದು ಕಡೆಯಿಂದ ಬೀಳುವ ಬೆಳಕು, ಪೂರಾ ಒಂದು ಸುತ್ತು. ಆಮೇಲೆ ಸಿಸಿ. ಫಿಲಡೆಲ್ಫಿಯಾ ಟಂಕಸಾಲೆಯ ಆ ಕಾಲದ ಚಿನ್ನದ ನಾಣ್ಯದಲ್ಲಿ ಟಂಕಸಾಲೆಯ ಗುರುತೇ ಇರುವುದಿಲ್ಲ. ಮೋಸಗಾರರು ಅದಕ್ಕೇ ಎರಡು ಅಕ್ಷರ ಅಂಟಿಸುತ್ತಾರೆ. ಅಕ್ಷರದ ಬುಡದಲ್ಲಿ ಸಂದು, ಬಣ್ಣದಲ್ಲಿ ವ್ಯತ್ಯಾಸ, ಸುತ್ತ ಕೆರೆದ ಗುರುತು ಇದೆಯಾ ನೋಡಿ. ಗುರುತು ಕೆಳಗಿನ ಬರಹದ ಯಾವ ಅಕ್ಷರದ ನೇರಕ್ಕಿದೆ ಅನ್ನುವುದನ್ನು ಅದೇ ಇಸವಿಯ ಅಸಲಿ ನಾಣ್ಯದ ಫೋಟೋ ಜೊತೆ ಹೋಲಿಸಿ.

ತೂಕ ಬೇಕು, ಆದರೆ ತೂಕವೊಂದೇ ಸಾಲದು. ಡಬಲ್ ಈಗಲ್ 33.436 ಗ್ರಾಂ, ಅಡ್ಡಳತೆ 34 ಮಿಲಿಮೀಟರ್. ಈಗಲ್ 16.718 ಗ್ರಾಂ. ನೂರಕ್ಕೆ 90 ಭಾಗ ಚಿನ್ನ, ಮಿಕ್ಕದ್ದು ತಾಮ್ರ. ನಮ್ಮ 22 ಕ್ಯಾರೆಟ್‌ಗಿಂತ ಒಂದು ಚೂರು ಕಡಿಮೆ, ಅದಕ್ಕೇ ಸ್ವಲ್ಪ ಕೆಂಪು ಛಾಯೆ. ನೀರಿನಲ್ಲಿ ತೂಗಿ ಸಾಂದ್ರತೆ ನೋಡಿದರೆ 17.2ರ ಆಸುಪಾಸು ಬರಬೇಕು. ಆದರೆ ಒಳ್ಳೆ ನಕಲಿಗಳನ್ನು ಅಸಲಿ ಚಿನ್ನದಲ್ಲೇ ಮಾಡುತ್ತಾರೆ. ಅವು ತಕ್ಕಡಿಯನ್ನೂ ನೀರನ್ನೂ ದಾಟಿ ಬರುತ್ತವೆ. ಒರೆಗಲ್ಲಿಗೆ ಹಚ್ಚುವ ಯೋಚನೆ ಮಾತ್ರ ಬೇಡವೇ ಬೇಡ. ಒಂದು ಗೀರು ಬಿದ್ದರೆ ನಾಣ್ಯ ಕೆಟ್ಟಿತು.

ತೊಳೆಯುವುದೂ ಬೇಡ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಒಡವೆಯನ್ನೆಲ್ಲ ಅಂಟುವಾಳದ ನೀರಿಗೆ ಹಾಕಿ ಬ್ರಷ್‌ನಿಂದ ಉಜ್ಜುತ್ತಿದ್ದರು. ಫಳಫಳ ಅನ್ನಬೇಕು! ನಾಣ್ಯದ ಲೋಕದಲ್ಲಿ ಫಳಫಳ ಅಂದರೆ ಅನುಮಾನ. ನೂರು ಚಿಲ್ಲರೆ ವರ್ಷದ ನಾಣ್ಯದ ಮೇಲೆ ಒಂದು ಮಂಕು ಪದರ ಕೂತಿರುತ್ತದೆ. ಹದ್ದಿನ ರೆಕ್ಕೆಯ ಸಂದಿಯಲ್ಲಿ, ಅಕ್ಷರಗಳ ಸುತ್ತ ಕೊಳೆ ಇರುತ್ತದೆ. ಇಲ್ಲಿನವರು ಅದನ್ನು ನಾಣ್ಯದ ಚರ್ಮ ಅನ್ನುತ್ತಾರೆ. ನನಗೆ ಅದು ಹಳೇ ಹಂಡೆಯ ಬಣ್ಣದ ಹಾಗೆ ಕಾಣುತ್ತದೆ. ಚರ್ಮ ಇರುವ, ಸ್ವಲ್ಪ ಸವೆದ ನಾಣ್ಯವನ್ನು ಉಜ್ಜಿದ ಹೊಳಪಿನ ನಾಣ್ಯಕ್ಕಿಂತ ಮೇಲೆ ಇಡಿ. ನಾಣ್ಯದ ಮೇಲಿನ ಮುಖದ ಕೆನ್ನೆಯಲ್ಲಿರುವ ಸಣ್ಣ ಪೆಟ್ಟುಗಳಿಗೆ ಹೆದರಬೇಡಿ. ಈ ನಾಣ್ಯಗಳು ಚೀಲಗಳಲ್ಲಿ ಒಂದರ ಮೇಲೊಂದು ಬಿದ್ದುಕೊಂಡೇ ಊರೂರು ಸುತ್ತಿದವು. 1870ರಿಂದ 1873ರವರೆಗಿನವು ಇನ್ನೂ ಸವೆದಿರುತ್ತವೆ. ಪಶ್ಚಿಮದ ಜನಕ್ಕೆ ಕಾಗದದ ದುಡ್ಡಿನ ಮೇಲೆ ನಂಬಿಕೆ ಇರಲಿಲ್ಲ, ಚಿನ್ನವನ್ನೇ ಖರ್ಚು ಮಾಡಿದರು. ಟಂಕಸಾಲೆಯ ಗುರುತು ನೋಡಿ ಎತ್ತಿಡುವವರೂ ಆಗ ಇರಲಿಲ್ಲ. ಆಗಸ್ಟಸ್ ಹೀಟನ್ ಎಂಬ ಚಿತ್ರಕಾರ ಆ ಗುರುತುಗಳನ್ನು ಗಮನಿಸಿ ಎಂದು ಬರೆದದ್ದು 1893ರಲ್ಲಿ. ಅದೇ ವರ್ಷ ಇಲ್ಲಿ ಪ್ರೆಸ್ ನಿಂತಿತು.

ನನ್ನ ಎಡವಟ್ಟಿನ ನಂತರ ನಾನು ಬಿಡಿ ನಾಣ್ಯ ಕೊಂಡಿಲ್ಲ. ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷೆಯ ಕಂಪನಿಗಳು ಪರೀಕ್ಷಿಸಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ್ದನ್ನೇ ಕೊಳ್ಳುತ್ತೇನೆ. ಅವರು 1ರಿಂದ 70ರವರೆಗೆ ಅಂಕ ಕೊಡುತ್ತಾರೆ. ಕಾರ್ಸನ್ ಸಿಟಿಗೆ 45ರಿಂದ 55 ನಮ್ಮಂಥವರಿಗೆ ಸಾಕು. 60 ದಾಟಿದರೆ ಬೆಲೆ ಸರ್ರನೆ ಏರುತ್ತದೆ. ಅಂಕದ ಬದಲು "ಡಿಟೇಲ್ಸ್" ಅಂತ ಬರೆದಿದ್ದರೆ ತೊಳೆದದ್ದೋ, ಕೊಂಡಿ ತೆಗೆದದ್ದೋ, ಏನೋ ಊನ ಇದೆ ಅಂತ ಅರ್ಥ. ಡಬ್ಬಿಗಳಲ್ಲೂ ನಕಲಿ ಬಂದಿವೆ. ಮೇಲಿನ ನಂಬರನ್ನು ಆ ಕಂಪನಿಯ ಸೈಟಿನಲ್ಲಿ ಹಾಕಿ, ಫೋಟೋ ಇದ್ದರೆ ಒಂದೊಂದು ಗೀರನ್ನೂ ಹೋಲಿಸಿ.

ಹರಾಜಿಗೆ ಹೋಗುವವರು ಕೂಗಿದ ಬೆಲೆಯ ಮೇಲೆ ಸುಮಾರು 20 ಪರ್ಸೆಂಟ್ ಕಮಿಷನ್ ಬೀಳುತ್ತದೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿ. ಅಪ್ಪ ಇದಕ್ಕೆ ಮಜೂರಿ ಅನ್ನುತ್ತಾರೆ. "ಇಂತಿಷ್ಟೇ ಉಳಿದಿವೆ" ಅನ್ನುವ ಹಳೇ ಅಂಕಿಗಳನ್ನು ಪೂರ್ತಿ ನಂಬಬೇಡಿ. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಜನರಿಂದ ಚಿನ್ನ ವಾಪಸ್ ತೆಗೆದುಕೊಂಡಿತು, ಸಂಗ್ರಹದ ಅಪರೂಪದ ನಾಣ್ಯಗಳನ್ನು ಮಾತ್ರ ಬಿಟ್ಟಿತು. ಎಷ್ಟೋ ನಾಣ್ಯ ಕರಗಿ ಹೋದವು. ಅದಕ್ಕೂ ಮುಂಚೆ ಯುರೋಪಿನ, ದಕ್ಷಿಣ ಅಮೆರಿಕದ ಬ್ಯಾಂಕುಗಳಿಗೆ ಹೋದವು ಉಳಿದುಕೊಂಡವು. ಅವು ಇವತ್ತಿಗೂ ವಾಪಸ್ ಬರುತ್ತಿವೆ. ನಿನ್ನೆ ಅಪರೂಪ ಅಂದದ್ದು ನಾಳೆ ಹತ್ತು ಸಿಗಬಹುದು.

ಇಡುವುದು ಬ್ಯಾಂಕ್ ಲಾಕರಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಮೆತ್ತನೆಯ ಪಿವಿಸಿ ಕವರು ಬೇಡ. ಬಿಲ್ಲು ಜೋಪಾನ. ಇಲ್ಲಿ ಮಾರಿದಾಗ ಲಾಭದ ಮೇಲಿನ ತೆರಿಗೆ 28 ಪರ್ಸೆಂಟ್‌ವರೆಗೂ ಹೋಗಬಹುದು. ಊರಿಗೆ ಹೋಗುವಾಗ ಜೇಬಿಗೆ ಹಾಕಿಕೊಂಡು ಹೊರಡಬೇಡಿ. ಭಾರತದಲ್ಲಿ ಸುಂಕವಿಲ್ಲದೆ ಬಿಡುವುದು ಆಭರಣವನ್ನು, ಅದಕ್ಕೂ ಮಿತಿ ಇದೆ. ನಾಣ್ಯ ಅದರಲ್ಲಿ ಬರುವುದಿಲ್ಲ.

ಹಾಗಾಗಿ ನಾಣ್ಯ ನೋಡಲು ಅಪ್ಪನೇ ಇಲ್ಲಿಗೆ ಬರಬೇಕಾಯಿತು. ಹೋದ ಬೇಸಿಗೆಯಲ್ಲಿ ಬಂದಿದ್ದರು. ಲಾಕರಿನಿಂದ ನನ್ನ 1876ರ ಡಬಲ್ ಈಗಲ್ ತಂದು ಕೈಗಿಟ್ಟೆ. ಡಬ್ಬಿಯನ್ನು ಎರಡು ಸಲ ತಿರುಗಿಸಿದರು, ಕಿಟಕಿಯ ಬೆಳಕಿಗೆ ಹಿಡಿದು ಅಂಚು ನೋಡಿದರು, ಅಂಗೈಯಲ್ಲಿ ತೂಗಿದರು. ಆಮೇಲೆ ಉಗುರಿನಿಂದ ಪ್ಲಾಸ್ಟಿಕ್ ಕೆರೆದು ಕೇಳಿದರು: "ಇದನ್ನ ಬಿಚ್ಚೋಕೆ ಆಗಲ್ವಾ?"