ಐಎಂಜಿ_0043 ಎರಡು ಸಲ ಬಂದಾಗ

ಮಗಳು ಮೊದಲ ಸಲ ಎದ್ದು ನಿಂತ ಫೋಟೋ ನನ್ನ ಹತ್ತಿರ ಇಲ್ಲ. ತೆಗೆದಿದ್ದೆ. ಐಎಂಜಿ_0043 ಅಂತ ಅದರ ಹೆಸರು. ಕೆಲವು ತಿಂಗಳ ನಂತರ ಕಾರ್ಡಿನಲ್ಲಿದ್ದ 60 ಹೊಸ ಫೋಟೋಗಳನ್ನು ಅದೇ ಫೋಲ್ಡರ್‌ಗೆ ಹಾಕಿದೆ. ಇದೇ ಹೆಸರಿನ ಫೈಲ್‌ಗಳು ಇವೆ, ಅವುಗಳ ಜಾಗದಲ್ಲಿ ಇವನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿತು. ಮೊದಲೇ ಕಾಪಿ ಮಾಡಿದ್ದವೇ ಇರಬೇಕು ಅಂದುಕೊಂಡು ಒಪ್ಪಿಬಿಟ್ಟೆ.

ಆಗಿದ್ದು ಇಷ್ಟೆ. ಕ್ಯಾಮೆರಾದಲ್ಲಿ ಫೈಲ್ ನಂಬರಿಂಗ್ 'ಆಟೋ ರೀಸೆಟ್' ಮೇಲಿತ್ತು. ಕಾರ್ಡ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಎಣಿಕೆ ಮತ್ತೆ 0001ರಿಂದ ಶುರುವಾಗುತ್ತಿತ್ತು.

ಆಮೇಲೆ ಈ ಹೆಸರುಗಳು ಎಲ್ಲಿಂದ ಬರುತ್ತವೆ ಅಂತ ಓದಿದೆ. ಡಿಸಿಎಫ್ ಎಂಬ ನಿಯಮ 1998ರಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಒಂದು ಕ್ಯಾಮೆರಾದ ಕಾರ್ಡನ್ನು ಇನ್ನೊಂದೂ ಓದಬೇಕು ಅನ್ನುವುದು ಅದರ ಉದ್ದೇಶ. ಕಾರ್ಡಿನಲ್ಲಿ ಡಿಸಿಐಎಂ ಫೋಲ್ಡರ್ ಇರಬೇಕು. ಅದರೊಳಗಿನ ಫೋಲ್ಡರ್‌ಗಳಿಗೆ 100ರಿಂದ 999ರವರೆಗಿನ ಒಂದು ಸಂಖ್ಯೆ, ಅದರ ನಂತರ ಐದು ಅಕ್ಷರ. ಕ್ಯಾನನ್‌ನಲ್ಲಿ 100ಕ್ಯಾನನ್ ಅಂತ ನೋಡಿರುತ್ತೀರಿ, ಅಲ್ವಾ? ಫೈಲ್‌ಗೆ ಮೊದಲು ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗಿನ ಸಂಖ್ಯೆ. ಒಟ್ಟು ಎಂಟೇ ಜಾಗ. ಎಣಿಕೆಯನ್ನು ಮುಂದುವರಿಸುವ 'ಕಂಟಿನ್ಯುಯಸ್' ಸೆಟ್ಟಿಂಗ್ ಇಟ್ಟರೂ 9999 ಆದ ಮೇಲೆ ಹೊಸ ಫೋಲ್ಡರ್ ತೆರೆದು ಮತ್ತೆ 0001ಕ್ಕೇ ಬರಬೇಕು. ಅಂದರೆ ಸೆಟ್ಟಿಂಗ್ ಬದಲಿಸಿದರೆ ಸಾಲದು, ಹೆಸರನ್ನೇ ಬದಲಿಸಬೇಕು.

ಈಗ ನಾನು ಕಂಟಿನ್ಯುಯಸ್ ಇಟ್ಟಿದ್ದೇನೆ. ಬೇರೆ ಫೋಟೋ ಇರುವ ಕಾರ್ಡ್ ಹಾಕಿದರೆ ಎಣಿಕೆ ಅಲ್ಲಿಂದ ಮುಂದಕ್ಕೆ ಹಾರಬಹುದು. ಹಾಗಾಗಿ ಎಲ್ಲ ಕಾಪಿ ಆದ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುತ್ತೇನೆ.

ಹೆಸರು ಬದಲಿಸುವುದು ಕಂಪ್ಯೂಟರಿನಲ್ಲಿ ಮಾತ್ರ. ಕಾರ್ಡಿನಲ್ಲೇ ಬದಲಿಸಿದರೆ ಕ್ಯಾಮೆರಾ ಆ ಫೋಟೋ ತೋರಿಸದೇ ಇರಬಹುದು. ಪ್ರತಿ ಫೋಟೋದೊಳಗೆ ತೆಗೆದ ಸಮಯವನ್ನು ಕ್ಯಾಮೆರಾ ಬರೆದಿರುತ್ತದೆ, ಅದೇ ಎಕ್ಸಿಫ್. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಓದಿ ಹೆಸರಿಡುತ್ತದೆ, ಉದಾಹರಣೆಗೆ: 20190412_173205_0043. ವರ್ಷ ಮೊದಲು ಇರುವುದರಿಂದ ಫೋಟೋಗಳು ತಾವಾಗಿಯೇ ತೆಗೆದ ಕ್ರಮದಲ್ಲಿ ಕೂರುತ್ತವೆ. ಕೊನೆಯ ನಾಲ್ಕು ಅಂಕಿ ಕ್ಯಾಮೆರಾ ಕೊಟ್ಟದ್ದು. ಅದನ್ನು ಸುಮ್ನೆ ಉಳಿಸಿಲ್ಲ. ಮಕ್ಕಳು ಓಡುವಾಗ ಒಂದೇ ಸೆಕೆಂಡಿನಲ್ಲಿ ಐದಾರು ಫೋಟೋ ಬೀಳುತ್ತವೆ, ಬರೀ ಸಮಯ ಸಾಲುವುದಿಲ್ಲ. ಒಂದೇ ಫೋಟೋವನ್ನು ಕ್ಯಾಮೆರಾ ಎರಡು ರೂಪದಲ್ಲಿ ಉಳಿಸಿದಾಗ, ರಾ ಫೈಲ್ (ಸಂಸ್ಕರಿಸದ ಮೂಲ) ಮತ್ತು ಜೆಪೆಗ್ (ಸಾಮಾನ್ಯ ಫೋಟೋ ಫೈಲ್) ಒಂದೇ ಜೋಡಿ ಅಂತ ಗುರುತಿಸುವುದೂ ಅದೇ ಅಂಕಿಯಿಂದ.

ಫೈಲ್‌ನ 'ಮಾಡಿಫೈಡ್' ದಿನಾಂಕವನ್ನು ನಾನು ನಂಬುವುದಿಲ್ಲ. ಫೋಟೋ ತಿದ್ದಿ ಸೇವ್ ಮಾಡಿದರೆ ಅದು ಬದಲಾಗುತ್ತದೆ. ಕ್ಯಾಮೆರಾದ ಗಡಿಯಾರ ಸರಿಯಾಗಿರಬೇಕು, ಅದೇ ಮುಖ್ಯ. ಎರಡು ಕ್ಯಾಮೆರಾ ಇದ್ದ ದಿನ ಎರಡರಲ್ಲೂ ಒಂದೇ ಗಡಿಯಾರದ ಫೋಟೋ ತೆಗೆದಿಡುತ್ತೇನೆ. ಎಷ್ಟು ವ್ಯತ್ಯಾಸ ಇದೆ ಅಂತ ನೋಡಿ, ಆಮೇಲೆ ಎಲ್ಲದರ ಸಮಯವನ್ನೂ ಒಟ್ಟಿಗೇ ಸರಿಮಾಡಬಹುದು.

ಹಳೆಯ ಫೋಟೋಗಳಿಗೂ ಹೀಗೇ ಹೆಸರಿಟ್ಟೆ. ಆ ದಿನದ್ದು 0061ರಿಂದ ಮುಂದಿನವು ಮಾತ್ರ ಉಳಿದಿವೆ. ಮೊದಲನೆಯದರಲ್ಲಿ ಮಗಳು ಆಗಲೇ ನೆಲದ ಮೇಲೆ ಕೂತು ನಗುತ್ತಿದ್ದಾಳೆ. ಅದರ ಹೆಸರು ಈಗ 20160709_171822_0061.