ದಸರಾ ಗೊಂಬೆ ಕೂರಿಸುವುದು: ಮೊದಲು ಮೆಟ್ಟಿಲು, ಆಮೇಲೆ ಗೊಂಬೆ

ಅಟ್ಟದಿಂದ ಗೊಂಬೆ ಡಬ್ಬ ಇಳಿಸುವ ಮುಂಚೆ ಟೇಪ್ ಹಿಡಿದು ಜಾಗ ಅಳೆಯಿರಿ. ಮೈಸೂರು ಕಡೆ ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು: 3, 5, 7, 9. ಹತ್ತಕ್ಕೆ ಹತ್ತು ಅಡಿಯ ಹಾಲ್‌ಗೆ ಐದು ಧಾರಾಳ. ಒಂದೊಂದು ಮೆಟ್ಟಿಲು 8 ಇಂಚು ಎತ್ತರ, ಹಿಂದೆ ಮುಂದೆ 9 ಇಂಚು ಅಂತ ಇಟ್ಟುಕೊಂಡರೆ ಐದಕ್ಕೆ 45 ಇಂಚು ನೆಲ ಹೋಗುತ್ತದೆ. ಏಳು ಮಾಡಿದರೆ 63. ಅರಿಶಿನ ಕುಂಕುಮಕ್ಕೆ ಬಂದವರನ್ನು ಆಮೇಲೆ ಅಡುಗೆಮನೆಯಲ್ಲಿ ಕೂರಿಸಬೇಕಾಗುತ್ತದೆ.

ಮೆಟ್ಟಿಲಿನ ಉದ್ದ 42 ಇಂಚು ಇರಲಿ. ಈ ಅಳತೆಯನ್ನು ಹೇಳುವುದು ಪಂಚೆ. ಎಂಟು ಮೊಳದ ಪಂಚೆ ಸುಮಾರು 3.6 ಮೀಟರ್ ಉದ್ದ, 50 ಇಂಚು ಅಗಲ. ಅದನ್ನು ಮೇಲಿನಿಂದ ಕೆಳಕ್ಕೆ ಹಾಸಿದರೆ ಎರಡೂ ಪಕ್ಕ ನಾಲ್ಕು ನಾಲ್ಕು ಇಂಚು ಇಳಿಬಿದ್ದು, ಜರಿ ಅಂಚು ತಾನಾಗಿಯೇ ಮೆಟ್ಟಿಲಿನ ಅಂಚಾಗುತ್ತದೆ. ಕತ್ತರಿ ಬೇಡ, ಹೊಲಿಗೆ ಬೇಡ. ಐದು ಮೆಟ್ಟಿಲಿಗೆ 85 ಇಂಚು ಬಟ್ಟೆ ಸಾಕು. ಮಿಕ್ಕಿದ್ದನ್ನು ಹಿಂದುಗಡೆ ಮಡಚಿಬಿಡಿ.

ಹಲಗೆಗೆ 12 ಎಂಎಂ ಪ್ಲೈವುಡ್ ಸಾಕೆಂದು ಅಂಗಡಿಯವರು ಹೇಳಬಹುದು. ನಡುವೆ ಆಸರೆ ಇಲ್ಲದಿದ್ದರೆ ಅದು ಒಂಬತ್ತು ದಿನದಲ್ಲಿ ಬಾಗುತ್ತದೆ, ಮಣ್ಣಿನ ಗೊಂಬೆಗಳೆಲ್ಲ ಮಧ್ಯಕ್ಕೆ ವಾಲುತ್ತವೆ. 18 ಎಂಎಂ ತನ್ನಿ, ಇಲ್ಲವೇ ನಡುವೆ ಒಂದು ಇಟ್ಟಿಗೆ ಕೊಡಿ. ಟ್ರಂಕು, ಸ್ಟೂಲು, ಹಳೇ ಪುಸ್ತಕದ ಕಟ್ಟುಗಳಿಂದಲೂ ಒಳ್ಳೆ ಮೆಟ್ಟಿಲಾಗುತ್ತದೆ. ಆದರೆ ಕಟ್ಟಿ ಮುಗಿದ ಮೇಲೆ ಪ್ರತಿ ಮೆಟ್ಟಿಲನ್ನೂ ಅಂಗೈಯಿಂದ ಒತ್ತಿ ನೋಡಿ. ಅಲುಗಿದ ಕಡೆ ಮಡಚಿದ ರಟ್ಟು ತುರುಕಿ.

ಬಟ್ಟೆ ಹಾಸುವಾಗ ಎಲ್ಲರೂ ಮಾಡುವ ತಪ್ಪೆಂದರೆ ಬಿಗಿಯಾಗಿ ಎಳೆಯುವುದು. ಆಗ ಮೆಟ್ಟಿಲಿನ ಒಳಮೂಲೆಗೆ ಬಟ್ಟೆ ಕೂರದೆ ಓರೆಯಾಗಿ ನಿಲ್ಲುತ್ತದೆ. ಅದರ ಮೇಲಿಟ್ಟ ಗೊಂಬೆ ಮುಂದಕ್ಕೆ ಮುಗ್ಗರಿಸುತ್ತದೆ. ಮೇಲ್ಗಡೆ ಮಾತ್ರ ಪಿನ್ ಮಾಡಿ, ಸಡಿಲ ಬಿಟ್ಟುಕೊಂಡು ಇಳಿಯುತ್ತಾ ಪ್ರತಿ ಒಳಮೂಲೆಗೂ ಒಂದು ತೆಳು ಮರದ ರೀಪನ್ನು ಒತ್ತಿ ಕೂರಿಸಿ. ಅದು ಬಟ್ಟೆಯನ್ನೂ ಹಿಡಿಯುತ್ತದೆ, ಕಾಣಿಸುವುದೂ ಇಲ್ಲ.

ಹಿಂದಿನ ಗೋಡೆ ಬಿಳಿಯದಾದರೆ ಬಿಳಿ ಪಂಚೆ, ತಿಳಿ ಬಣ್ಣದ ಗೊಂಬೆ ಎಲ್ಲ ಒಂದರೊಳಗೊಂದು ಕರಗಿಹೋಗುತ್ತವೆ. ಕಡು ಹಸಿರೋ ಕುಂಕುಮ ಬಣ್ಣದ್ದೋ ಮೈಸೂರು ರೇಷ್ಮೆ ಸೀರೆಯನ್ನು ಹಿಂದೆ ಇಳಿಬಿಡಿ. ರೇಷ್ಮೆಗೆ ಪಿನ್ ಚುಚ್ಚಬೇಡಿ, ತೂತು ಉಳಿದುಬಿಡುತ್ತದೆ. ಪರದೆಯ ಕೋಲಿಗೆ ಹಾಕಿ ಬಟ್ಟೆ ಕ್ಲಿಪ್ಪು ಸಿಕ್ಕಿಸಿದರೆ ಆಯಿತು. ಥರ್ಮಾಕೋಲ್ ಗೋಪುರಕ್ಕಿಂತ ಇದು ಸಾವಿರ ಪಾಲು ಮೇಲು.

ಮೇಲಿನ ಮೆಟ್ಟಿಲು ಕಲಶಕ್ಕೆ ಮತ್ತು ಪಟ್ಟದ ಗೊಂಬೆಗೆ, ಅಂದರೆ ಮರದ ರಾಜ ರಾಣಿ ಜೋಡಿಗೆ. ರಾಜ ರಾಣಿಗೆ ಉಡಿಸುವುದು ಇಡೀ ಕೆಲಸದಲ್ಲೇ ಸೂಕ್ಷ್ಮದ್ದು. ಮರದ ಮೈ ನುಣುಪು, ಬಟ್ಟೆ ಜಾರುತ್ತದೆ. ಮೊದಲು ಸೊಂಟಕ್ಕೆ ಹತ್ತಿಯ ಲಾಡಿಯೊಂದನ್ನು ಬಿಗಿಯಾಗಿ ಕಟ್ಟಿ. ಒಂದಡಿ ಎತ್ತರದ ರಾಣಿಗೆ ಅಂಚಿರುವ ಒಂದು ರವಿಕೆ ಕಣ ಸಾಕು. ಸೊಂಟದಿಂದ ಪಾದದವರೆಗೆ ಅಳೆದು, ಅಂಚು ಕೆಳಗೆ ಬರುವಂತೆ ಕಣವನ್ನು ಅಷ್ಟೇ ಅಗಲಕ್ಕೆ ಉದ್ದುದ್ದ ಮಡಚಿ. ಅರ್ಧ ಅರ್ಧ ಇಂಚಿನ ಏಳೆಂಟು ನೆರಿಗೆ ಹಿಡಿದು, ಗೊಂಬೆಗೆ ಮುಟ್ಟಿಸುವ ಮೊದಲೇ ಇಸ್ತ್ರಿ ಮಾಡಿ, ಆಮೇಲೆ ಲಾಡಿಯೊಳಕ್ಕೆ ಸಿಕ್ಕಿಸಿ. ಸೆರಗಿಗೆ ಬಟ್ಟೆಯಿಂದ ಬಟ್ಟೆಗೆ ಒಂದು ಗುಂಡುಸೂಜಿ. ಅಂಟು ಮಾತ್ರ ಬೇಡವೇ ಬೇಡ. ಮುಂದಿನ ವರ್ಷ ಬಿಡಿಸುವಾಗ ಬಣ್ಣವೂ ಕಿತ್ತುಬರುತ್ತದೆ.

ಕೆಳಗಿನ ಮೆಟ್ಟಿಲುಗಳ ಕ್ರಮ ಸುಲಭ: ದೇವರು ಮತ್ತು ದಶಾವತಾರ, ದರ್ಬಾರು ಮತ್ತು ಜಂಬೂಸವಾರಿ, ಮದುವೆ ದಿಬ್ಬಣ, ಕೊನೆಗೆ ಧಾನ್ಯದ ಅಂಗಡಿ ಇಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ. ಒಂದು ಮೆಟ್ಟಿಲಿಗೆ ಆರೇಳಕ್ಕಿಂತ ಹೆಚ್ಚು ಬೇಡ, ದಶಾವತಾರದ ಹತ್ತನ್ನು ಬಿಟ್ಟು. ಎಂಟು ಇಂಚಿಗಿಂತ ಎತ್ತರದ ಗೊಂಬೆ ಹಿಂದಿನದರ ಕಾಲನ್ನು ಮುಚ್ಚುತ್ತದೆ. ಅಂಥವನ್ನು ನೆಲದ ಮೇಲೆ ಪಕ್ಕಕ್ಕಿಡಿ. ಜೋಡಿಸುವಾಗ ಮೇಲಿನಿಂದ ಕೆಳಕ್ಕೆ ಬನ್ನಿ, ತೆಗೆಯುವಾಗ ಕೆಳಗಿನಿಂದ ಮೇಲಕ್ಕೆ. ತಿರುವುಮುರುವು ಮಾಡಿದರೆ ಸೆರಗು ತಗುಲಿ ಒಂದಾದರೂ ಉರುಳುತ್ತದೆ.

ಮೆಟ್ಟಿಲಿನ ಮುಂದೆ ನೆಲದ ಮೇಲೆ ಮಾಡುವ ಪುಟ್ಟ ಪಾರ್ಕಿಗೆ ರಾಗಿ ಪೈರು. ಎಂಟು ಗಂಟೆ ನೆನೆಸಿ, ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟು, ಒಂದಿಂಚು ತೆಂಗಿನ ನಾರಿನ ಪುಡಿ ಹರಡಿದ ತಟ್ಟೆಗೆ ಒಂದು ಹಿಡಿ ಚೆಲ್ಲಿ. ಕಾಳಿನ ಮೇಲೆ ಕಾಳು ಬಿದ್ದರೆ ಬೂಷ್ಟು ಹಿಡಿಯುತ್ತದೆ. ನೀರು ಚಿಮುಕಿಸಿ, ಸುರಿಯಬೇಡಿ. ಪಾಡ್ಯಕ್ಕೆ ಐದಾರು ದಿನ ಮೊದಲು ಚೆಲ್ಲಿದ್ದು ಆ ಹೊತ್ತಿಗೆ ಹದವಾಗಿರುತ್ತದೆ, ಸರಸ್ವತಿ ಪೂಜೆ ಹೊತ್ತಿಗೆ ಉದ್ದವಾಗಿ ಮಲಗಿಬಿಡುತ್ತದೆ. ಹಾಗಾಗಿ ಪಾಡ್ಯದ ದಿನ ಇನ್ನೊಂದು ತಟ್ಟೆಗೆ ಚೆಲ್ಲಿಟ್ಟು, ಆಮೇಲೆ ಬದಲಾಯಿಸಿ.

ಮಿಣಮಿಣ ಮಿನುಗುವ ಸೀರಿಯಲ್ ಸೆಟ್ಟು ಗೊಂಬೆಯ ಮುಖಭಾವವನ್ನೇ ನುಂಗಿಹಾಕುತ್ತದೆ. 2700ರಿಂದ 3000 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ ಒಂದು ಎಲ್‌ಇಡಿ ದೀಪ, ಎದುರಿನಿಂದ ಸ್ವಲ್ಪ ಮೇಲೆ, ಓರೆಯಾಗಿ ಬೀಳಲಿ. ಎಣ್ಣೆ ದೀಪ ಹಿತ್ತಾಳೆ ತಟ್ಟೆಯಲ್ಲಿ, ಇಳಿಬಿದ್ದ ಬಟ್ಟೆಯಿಂದ ಎರಡಡಿಯಾದರೂ ದೂರ.

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸಿದ ಮಾರನೆ ದಿನ ಕಟ್ಟಿಡಬೇಕು. ಮಣ್ಣಿನದಕ್ಕೂ ಕಾಗದದ ತಿರುಳಿನದಕ್ಕೂ ಒದ್ದೆ ಬಟ್ಟೆ ತಾಗಿಸಬೇಡಿ; ಒಣ ಬ್ರಷ್ ಸಾಕು. ಚನ್ನಪಟ್ಟಣದ್ದಕ್ಕೆ ಅರಗಿನ ಬಣ್ಣ, ಸ್ಯಾನಿಟೈಸರ್ ಅಥವಾ ಸ್ಪಿರಿಟ್ ತಗುಲಿದರೆ ಅಂಟಂಟಾಗಿ ಬಣ್ಣ ಕೈಗೆ ಬರುತ್ತದೆ. ಮೊದಲು ಹಳೇ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಪೇಪರ್. ಪೇಪರ್ ನೇರವಾಗಿ ಸುತ್ತಿದರೆ ಮಸಿ ಹತ್ತುತ್ತದೆ. ಡಬ್ಬದಲ್ಲಿ ಒಣಗಿದ ಬೇವಿನ ಸೊಪ್ಪು ಹಾಕಿ. ಹಸಿ ಇದ್ದರೆ ಅದೇ ಬೂಷ್ಟು ತರುತ್ತದೆ. ಡಬ್ಬದ ಮೇಲೆ ಗೊಂಬೆ ಹೆಸರಿನ ಜೊತೆಗೆ ಮೆಟ್ಟಿಲಿನ ಸಂಖ್ಯೆಯನ್ನೂ ಬರೆದಿಡಿ.