ಸೆಕೆಂಡ್ ಹ್ಯಾಂಡ್ ಕಾರು: ಡೀಲರ್ ಎದುರು ಕೂತು ರೇಟು ಇಳಿಸುವುದು ಹೇಗೆ?

ದನದ ಜಾತ್ರೆಗೆ ಎತ್ತು ಕೊಳ್ಳಲು ಹೋದ ರೈತ ಮೊದಲೇ ಬೆಲೆ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ. ಟವೆಲ್ ಕೆಳಗೆ ಬೆರಳು ಹಿಡಿಯುವ ಮಾತು ಆಮೇಲಿನದು. ಅದೇ ರೈತ ದಾವಣಗೆರೆಯ ಪಿ.ಬಿ. ರಸ್ತೆಗೆ ಕಾರು ನೋಡಲು ಬಂದರೆ ಬಾಗಿಲಲ್ಲೇ ನಿಂತು ‘ಫೈನಲ್ ಎಷ್ಟಕ್ಕೆ ಕೊಡ್ತೀರಿ?’ ಅನ್ನುತ್ತಾನೆ. ಅಲ್ಲಿಗೆ ಅರ್ಧ ವ್ಯಾಪಾರ ಡೀಲರ್ ಕೈಗೆ ಹೋಯಿತು.

ಮಾಯಕೊಂಡದ ನನ್ನ ಸೋದರಮಾವನಿಗೆ ಕಾರು ಕೊಡಿಸಲು ಒಂದು ಆಷಾಢದಲ್ಲಿ ಮೂರು ವಾರ ಓಡಾಡಿದೆ. ಅತ್ತೆಗೆ ಮಂಡಿನೋವು, ಬಸ್ ಹತ್ತಿ ಆಸ್ಪತ್ರೆಗೆ ಬರುವುದು ಕಷ್ಟ. ನಾಲ್ಕು ವರ್ಷದ ಮೆಕ್ಕೆಜೋಳದ ದುಡ್ಡಿನಲ್ಲಿ ಉಳಿಸಿಟ್ಟದ್ದು ಅದು, ಒಂದು ಸಾವಿರವೂ ಸುಮ್ಮನೆ ಹೋಗಬಾರದು ಎಂದೇ ಇಬ್ಬರೂ ಹೊರಟಿದ್ದು. ಆ ಓಡಾಟದಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮನೆಯಲ್ಲೇ ಲೆಕ್ಕ

ಬೇಕಾದ ಮಾದರಿಯನ್ನು ಒಂದೆರಡಕ್ಕೆ ಇಳಿಸಿಕೊಳ್ಳಿ. ಅದೇ ಮಾದರಿ, ಅದೇ ವರ್ಷದ ಗಾಡಿಗೆ ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿಯಲ್ಲಿ ಎಷ್ಟು ಹೇಳುತ್ತಿದ್ದಾರೆಂದು ಆನ್‌ಲೈನ್ ಜಾಹೀರಾತುಗಳಲ್ಲಿ ನೋಡಿ ಏಳೆಂಟು ರೇಟು ಬರೆದಿಡಿ. ಅವೆಲ್ಲ ಹೇಳುವ ರೇಟು, ಕುದುರುವ ರೇಟು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ.

ಹೊಸ ಕಾರಿನ ಆನ್‌ರೋಡ್ ಬೆಲೆಯನ್ನೂ ಶೋರೂಮಿನಲ್ಲಿ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಅದರ ಮೇಲಿದ್ದ ಸೆಸ್ ಕೂಡ ಹೋಗಿದೆ. ‘ಹೊಸದಕ್ಕೆ ಇಷ್ಟಾಗುತ್ತೆ, ನೋಡ್ರಿ’ ಎಂದು ಡೀಲರ್ ಹಳೇ ಬೆಲೆ ಹೇಳಿದರೆ ಇವತ್ತಿನ ಕೊಟೇಶನ್ ತೋರಿಸಿ. ಹೊಸದು ಅಗ್ಗವಾದ ಮೇಲೆ ಹಳೆಯದೂ ಇಳಿಯಲೇಬೇಕು.

ಯಾವಾಗ ಹೋಗುತ್ತೀರಿ ಎನ್ನುವುದೂ ಲೆಕ್ಕವೇ. ಆಯುಧಪೂಜೆಯ ಹೊತ್ತಿಗೆ, ಮೆಕ್ಕೆಜೋಳದ ದುಡ್ಡು ಕೈಗೆ ಬರುವ ನವೆಂಬರ್ ಡಿಸೆಂಬರಿನಲ್ಲಿ ಗಿರಾಕಿ ಹೆಚ್ಚು, ಡೀಲರ್ ಜಗ್ಗುವುದಿಲ್ಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮ್ಮ ಕಡೆ ಗಾಡಿ ಮನೆಗೆ ತರುವವರು ಕಡಿಮೆ. ಆಗಲೇ ಹೋಗಿ ರೇಟು ಕುದುರಿಸಿ, ಅಡ್ವಾನ್ಸ್ ಕೊಟ್ಟು ಬರೆಸಿಕೊಂಡು, ಶ್ರಾವಣದಲ್ಲೋ ನವರಾತ್ರಿಯಲ್ಲೋ ಒಳ್ಳೆಯ ದಿನ ನೋಡಿ ಗಾಡಿ ತನ್ನಿ. ನಾವು ಮಾಡಿದ್ದೂ ಅದನ್ನೇ.

ಹೆಜ್ಜೆ 2: ಗಾಡಿಯ ಹಲ್ಲು ನೋಡುವುದು

ನಿಜವಾದ ಚೌಕಾಸಿ ನಡೆಯುವುದು ಇಲ್ಲೇ. ಒಂದು ಚೀಟಿ, ಪೆನ್ನು, ಜೊತೆಗೆ ನಂಬಿಕೆಯ ಗ್ಯಾರೇಜ್ ಮೇಸ್ತ್ರಿ ಇರಲಿ. ಮೇಸ್ತ್ರಿಗೆ ಐನೂರೋ ಸಾವಿರವೋ ಕೊಡಲು ಹಿಂದೆಮುಂದೆ ನೋಡಬೇಡಿ. ಹಗಲಿನಲ್ಲೇ ಹೋಗಿ, ಟ್ಯೂಬ್‌ಲೈಟ್ ಕೆಳಗೆ ಎಲ್ಲ ಬಣ್ಣವೂ ಒಂದೇ ಥರ ಕಾಣುತ್ತದೆ.

ಬಂದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಆರಿದ ಮೇಲೆ ಬರುತ್ತೇವೆಂದು ಹೇಳಿ ಹೋಗಿ. ತಣ್ಣಗಿನ ಎಂಜಿನ್ ಎಬ್ಬಿಸಿದಾಗಲೇ ಅದರ ನಿಜವಾದ ದನಿ ಕೇಳುವುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಇಲ್ಲವೇ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಂಡರೆ, ಕೂಲಂಟ್ ಸೋರುತ್ತಿರುವ ಅನುಮಾನ. ಆ ಗಾಡಿಗೆ ಚೌಕಾಸಿ ಬೇಡ, ಕೈಮುಗಿದು ಹೊರಡಿ.

ಮಾವನಿಗೆ ಹಿಡಿಸಿದ್ದು ಒಂದು ಸ್ವಿಫ್ಟ್. 2018ರ ಗಾಡಿ, ಪೆಟ್ರೋಲ್, ಕೆಎ-17 ನಂಬರ್, ಮೀಟರಿನಲ್ಲಿ 41 ಸಾವಿರ ಚಿಲ್ಲರೆ. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮಾವ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು, ಟವೆಲ್ಲಿನಿಂದ ಮಣ್ಣು ಒರೆಸಿ ಓದಿದರು: ‘ಮೂವತ್ನಾಕು, ಹದಿನೆಂಟು.’ ನಾಲ್ಕೂ ಟೈರು 2018ರ 34ನೇ ವಾರದವು. ಕಪ್ಪು ಪಾಲಿಶ್ ಹೊಡೆದು ಮಿಂಚುತ್ತಿದ್ದವು, ಬೆರಳಿಟ್ಟರೆ ಕೂದಲೆಳೆಯಂಥ ಸೀಳು. ಚೀಟಿಯಲ್ಲಿ ಮೊದಲ ಸಾಲು: ಟೈರು, 20 ಸಾವಿರ.

ಬಲಗಡೆ ಹಿಂದಿನ ಬಾಗಿಲಿನ ಬಣ್ಣ ಒಂದು ಎಳೆ ತಿಳಿಯಾಗಿತ್ತು. ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್ ಇಟ್ಟು ನೋಡಿದೆವು. ಬೇರೆ ಕಡೆ ಹಿಡಿಯುತ್ತಿದ್ದದ್ದು ಅಲ್ಲಿ ಜಾರಿತು, ಒಳಗೆ ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ದರು. ಪೇಂಟ್ ಆದ ಮಾತ್ರಕ್ಕೆ ಗಾಡಿ ಕೆಟ್ಟದ್ದಲ್ಲ, ಪೇಟೆಯಲ್ಲಿ ಓಡಿಸಿದರೆ ಉಜ್ಜುವುದು ಸಹಜ. ಆದರೆ ದೊಡ್ಡ ಏಟು ಬಿದ್ದಿದೆಯೇ ಎಂದು ತಿಳಿಯಲು ಮುಂದಿನ ಚಾಸಿ, ಬಾನೆಟ್ ಬೋಲ್ಟುಗಳಲ್ಲಿ ಸ್ಪ್ಯಾನರ್ ಗುರುತು ಇದೆಯೇ, ಕಿಟಕಿ ಗಾಜುಗಳ ಮೂಲೆಯ ಮುದ್ರೆ ಎಲ್ಲದರಲ್ಲೂ ಒಂದೇ ಕಂಪನಿಯದೇ ಎಂದು ನೋಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಸ್ಟೆಪ್ನಿ ಎತ್ತಿ ನೋಡಿ. ಅಲ್ಲಿ ಒಣಗಿದ ಕೆಸರು ಸಿಕ್ಕರೆ ಗಾಡಿ ನೀರಲ್ಲಿ ನಿಂತಿದ್ದಿರಬಹುದು.

ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿ, ಸ್ಟೀರಿಂಗ್ ಸವೆದು ಹೊಳೆಯುತ್ತಿದ್ದರೆ 41 ಸಾವಿರ ಎನ್ನುವುದು ಸುಳ್ಳಿರಬಹುದು. ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ಕೇಳಿ, ಯಾವ ದಿನ ಎಷ್ಟು ಕಿಲೋಮೀಟರ್ ಆಗಿತ್ತೆಂದು ಅದರಲ್ಲಿರುತ್ತದೆ.

ಓಡಿಸಿ ನೋಡದೆ ಮಾತಿಗೆ ಕೂರಬೇಡಿ. ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಕ್ಲಚ್ ಗೊತ್ತಾಗುತ್ತದೆ, ಹರಿಹರದ ಕಡೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಕ. ಚಿತ್ರದುರ್ಗದವರಿಗಾದರೆ ಜೋಗಿಮಟ್ಟಿ ಕಡೆಯ ಏರು ಇದೆ. ಏರಿನಲ್ಲಿ ಎಂಜಿನ್ ಕೂಗಿಕೊಂಡರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ನಮ್ಮದರಲ್ಲಿ ಕ್ಲಚ್ ಪೆಡಲ್ ಒತ್ತಲು ಬಿಗಿಯಾಗಿತ್ತು, ಕೆಲಸ ಮಾಡಿಸಬೇಕಿತ್ತು: 10 ಸಾವಿರ. ಇನ್ಶೂರೆನ್ಸ್ ಮುಂದಿನ ತಿಂಗಳು ಮುಗಿಯುತ್ತಿತ್ತು: 12 ಸಾವಿರ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರದ್ದೇ, ಗಾಡಿಯ ಜೊತೆ ನಿಮಗೆ ಬರುವುದಿಲ್ಲ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ.

ಹೆಜ್ಜೆ 3: ಆರ್‌ಸಿ ಓದುವುದು

ಮಾತಿಗೆ ಕೂರುವ ಮುಂಚೆಯೇ ಇದು ಮುಗಿಯಲಿ. ಎಷ್ಟನೇ ಓನರ್, ತಯಾರಾದ ತಿಂಗಳು ಯಾವುದು, ಯೆಲ್ಲೋ ಬೋರ್ಡಿನಲ್ಲಿ ಓಡಿ ವೈಟ್ ಬೋರ್ಡ್ ಆದದ್ದೇ, ಸಾಲ ಇದೆಯೇ, ದಂಡ ಬಾಕಿ ಇದೆಯೇ? ಆರ್‌ಸಿಯಲ್ಲೂ ಸರ್ಕಾರದ ಪರಿವಾಹನ್ ಜಾಲತಾಣದಲ್ಲೂ ಹುಡುಕಿ. ಡಿಸೆಂಬರಿನಲ್ಲಿ ತಯಾರಾಗಿ ಮುಂದಿನ ವರ್ಷ ನೋಂದಣಿಯಾಗಿದ್ದರೆ ಒಂದು ವರ್ಷ ಹಳೆಯದೆಂದೇ ರೇಟು ಕಟ್ಟಬೇಕು. ಹೊರರಾಜ್ಯದ ಗಾಡಿಯಾದರೆ ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು, ಅದನ್ನು ಡೀಲರ್ ಹೇಳಿದ ರೇಟಿಗೆ ಕೂಡಿಸಿ ನೋಡಿದರೆ ಅಗ್ಗವೆನಿಸಿದ್ದು ಅಗ್ಗವಾಗಿ ಉಳಿಯುವುದಿಲ್ಲ.

ನನ್ನ ಮೊದಲ ಕಾರಿನಲ್ಲಿ ನಾನು ಏಟು ತಿಂದದ್ದು ಇಲ್ಲೇ. ಸಾಲ ತೀರಿದೆ ಎಂದರು, ನಂಬಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ತೀರಿದೆ, ತಕರಾರಿಲ್ಲ ಎಂದು ಬ್ಯಾಂಕ್ ಕೊಡುವ ಎನ್‌ಒಸಿಗಾಗಿ ಹಳೇ ಮಾಲೀಕರ ಬೆನ್ನು ಹತ್ತಿ ಐದು ತಿಂಗಳು ಅಲೆದೆ. ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಸಹಿಯಾದ ಫಾರಂ 35 ಕಣ್ಣಾರೆ ನೋಡುವವರೆಗೆ ಟೋಕನ್ ಅಡ್ವಾನ್ಸೂ ಕೊಡಬೇಡಿ.

ಹೆಜ್ಜೆ 4: ಮಾತಿಗೆ ಕೂರುವುದು

ಹೆಚ್ಚು ಮಾತು ಬೇಡ. ‘ಇದು ಸರಿ ಇಲ್ಲ, ಅದು ಸರಿ ಇಲ್ಲ’ ಎಂದು ಗಾಡಿಯನ್ನು ಹೀಗಳೆಯುವುದೂ ಬೇಡ. ಅವರೂ ಬಾಡಿಗೆ ಕಟ್ಟಿ, ದುಡ್ಡು ಹಾಕಿ ಗಾಡಿ ನಿಲ್ಲಿಸಿಕೊಂಡವರು. ಅವರಿಗೂ ನಾಲ್ಕು ಕಾಸು ಉಳಿಯಲಿ ಎಂಬ ಮನಸ್ಸಿನಿಂದ ಕೂತರೆ ಮಾತು ಮುರಿಯುವುದಿಲ್ಲ. ಎಷ್ಟಕ್ಕೆ ಎದ್ದು ಬರಬೇಕೆಂಬ ಅಂಕಿಯನ್ನು ಮಾತ್ರ ಮನೆಯಲ್ಲೇ ನಿರ್ಧರಿಸಿ. ನಮ್ಮದು 4 ಲಕ್ಷ 70 ಸಾವಿರ.

ಅವರು ಹೇಳಿದ್ದು 5 ಲಕ್ಷ 10 ಸಾವಿರ. ಮಾವ 4 ಲಕ್ಷ 40 ಅಂದರು.

‘ಯಜಮಾನ್ರೇ, ನಮಗೇ ಅಷ್ಟಕ್ಕೆ ಬಿದ್ದಿಲ್ರಿ. ನಿಮ್ಮ ಮುಖ ನೋಡಿ ಐದಕ್ಕೆ ಕೊಡ್ತೀನಿ.’

ಮಾವ ಏನೂ ಹೇಳಲಿಲ್ಲ. ಚಹಾ ಬಂತು, ಕುಡಿದರು. ಆ ಮೌನದಲ್ಲಿ ಡೀಲರೇ 4 ಲಕ್ಷ 85ಕ್ಕೆ ಇಳಿದರು. ಆಗ ಚೀಟಿಯನ್ನು ಮೇಜಿನ ಮೇಲಿಟ್ಟೆ: ಟೈರು, ಕ್ಲಚ್, ಇನ್ಶೂರೆನ್ಸ್, ಒಟ್ಟು 42 ಸಾವಿರ.

‘ಇವನ್ನೆಲ್ಲ ನೀವೇ ಮಾಡಿಸಿಕೊಡ್ರಿ, ನೀವು ಹೇಳಿದ ರೇಟಿಗೇ ತಗೋತೀವಿ,’ ಅಂದರು ಮಾವ.

ಅವರು ಚೀಟಿಯನ್ನು ಎರಡು ಸಲ ಓದಿದರು. ಅದರಲ್ಲಿ ಅಲ್ಲಗಳೆಯುವಂಥದ್ದು ಏನೂ ಇರಲಿಲ್ಲ. 4 ಲಕ್ಷ 65 ಸಾವಿರಕ್ಕೆ, ಟ್ರಾನ್ಸ್‌ಫರ್ ಖರ್ಚು ಅವರದೇ ಎಂಬ ಮಾತಿನ ಮೇಲೆ ಮುಗಿಯಿತು.

ಇಷ್ಟಾದ ಮೇಲೂ ‘ಜಿಎಸ್‌ಟಿ ಶೇ 18 ಬೇರೆ’ ಎನ್ನುವವರಿದ್ದಾರೆ. 2025ರ ಜನವರಿಯಿಂದ ಹಳೇ ಕಾರಿಗೆ ಶೇ 18 ಇರುವುದು ನಿಜ, ಆದರೆ ಅದು ಡೀಲರ್ ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ವ್ಯತ್ಯಾಸದ ಮೇಲೆ, ಪೂರಾ ಬೆಲೆಯ ಮೇಲಲ್ಲ. ಹಾಗಾಗಿ ‘ಎಲ್ಲ ಸೇರಿ ಇಷ್ಟು’ ಎಂದೇ ಮಾತಾಡಿ. ಸಾಲ ಬೇಕಿದ್ದರೆ ಕಂತಿನ ಮಾತನ್ನು ರೇಟು ಮುಗಿದ ಮೇಲೆ ಎತ್ತಿ. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂದು ಮೊದಲೇ ಹೇಳಿದರೆ ಒಟ್ಟು ಬೆಲೆ ಮರೆಗೆ ಸರಿಯುತ್ತದೆ.

ಹೆಜ್ಜೆ 5: ದುಡ್ಡು ಕೊಡುವಾಗ

2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮವಿದೆ, ಅದನ್ನು ತೋರಿಸಲು ಹೇಳಿ. ಟೋಕನ್ ಎಷ್ಟೇ ಇರಲಿ, ಗಾಡಿ ನಂಬರ್, ಒಪ್ಪಿದ ರೇಟು, ಮಾಡಿಸಿಕೊಡುವ ಕೆಲಸ ಎಲ್ಲವನ್ನೂ ರಸೀದಿಯಲ್ಲಿ ಬರೆಸಿ. ಉಳಿದದ್ದು ಬ್ಯಾಂಕ್ ಮೂಲಕವೇ ಹೋಗಲಿ. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಇರುವಾಗ ಸಹಿ ಹಾಕಬೇಡಿ. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ, 14 ದಿನದೊಳಗೆ ಇನ್ಶೂರೆನ್ಸ್ ವರ್ಗಾವಣೆಗೆ ಅರ್ಜಿ ಕೊಡಬೇಕು.

ನಾವು 15 ಸಾವಿರವನ್ನು ಆರ್‌ಸಿ ಬಂದ ಮೇಲೆ ಕೊಡುತ್ತೇವೆಂದು ಬರೆಸಿ ಹಿಡಿದುಕೊಂಡೆವು. ಡೀಲರ್ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಒಪ್ಪಿದರು. ಶ್ರಾವಣದ ಎರಡನೇ ಸೋಮವಾರ ಗಾಡಿ ಮಾಯಕೊಂಡಕ್ಕೆ ಬಂತು. ತಿಂಗಳ ಮೇಲೆ ಮಾವನ ಹೆಸರಿನ ಆರ್‌ಸಿ ಕೈಗೆ ಸಿಕ್ಕಿತು. ಅದೇ ದಿನ ಮಧ್ಯಾಹ್ನ ಅತ್ತೆಯನ್ನು ಆಸ್ಪತ್ರೆಗೆ ತೋರಿಸಿಕೊಂಡು, ವಾಪಸ್ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ, ಉಳಿದ 15 ಸಾವಿರ ಚುಕ್ತಾ ಮಾಡಿ ಮಾವ ರಸೀದಿ ಬರೆಸಿಕೊಂಡು ಬಂದರು.